ಸ್ವರ್ಗದ ಬಾಗಿಲಲ್ಲಿ ಚಿತ್ರಗುಪ್ತನಿಲ್ಲ

ನಗೆಚಿತ್ರಗಳಲ್ಲಿ ಸ್ವರ್ಗ ಯಾವಾಗಲೂ ಒಂದೇ ರೀತಿ ಇರುತ್ತದೆ. ಸುತ್ತಲೂ ಬಿಳಿ ಮೋಡ, ನಡುವೆ ಎತ್ತರದ ಬಾಗಿಲು, ಪಕ್ಕದಲ್ಲಿ ಮೇಜು ಹಾಕಿಕೊಂಡು ಕುಳಿತ ಬಿಳಿಗಡ್ಡದ ಮುದುಕ. ಆತನ ಸೊಂಟದಲ್ಲಿ ಬೀಗದ ಕೈಗಳ ಗೊಂಚಲು, ಮುಂದೆ ದಪ್ಪನೆಯ ಲೆಕ್ಕದ ಪುಸ್ತಕ. ಈಗಷ್ಟೇ ಸತ್ತು ಬಂದವನು ಕೈಕಟ್ಟಿ ನಿಂತಿದ್ದಾನೆ. ಪುಣ್ಯದ ಪಟ್ಟಿ ಉದ್ದವಿದ್ದರೆ ಒಳಗೆ, ಪಾಪದ ಪಟ್ಟಿ ಉದ್ದವಿದ್ದರೆ ಕೆಳಗೆ. ಒಳಗೆ ಹೋದವರಿಗೆ ಎರಡು ರೆಕ್ಕೆ, ಕೈಗೊಂದು ತಂತಿವಾದ್ಯ, ತಲೆಯ ಮೇಲೊಂದು ಬಂಗಾರದ ಬಳೆ.

ಕನ್ನಡದ ಓದುಗನಿಗೆ ಈ ಚಿತ್ರ ಹೊಸದೆನಿಸುವುದಿಲ್ಲ. ಯಮಧರ್ಮನ ಆಸ್ಥಾನ, ಚಿತ್ರಗುಪ್ತನ ಕಡತ ಎರಡನ್ನೂ ಯಕ್ಷಗಾನದಲ್ಲೋ ಪೌರಾಣಿಕ ಸಿನಿಮಾದಲ್ಲೋ ಕಂಡವನಿಗೆ ಕ್ರೈಸ್ತರದ್ದೂ ಅದೇ ಏರ್ಪಾಡು, ವೇಷ ಮಾತ್ರ ಬೇರೆ ಎನಿಸುತ್ತದೆ. ಹಾಗೆ ನಂಬಿರುವ ಕ್ರೈಸ್ತರೂ ಕಡಿಮೆಯಿಲ್ಲ. ಆದರೆ ಈ ಚಿತ್ರ ಇರುವ ರೂಪದಲ್ಲಿ ಬೈಬಲಿನಲ್ಲಿಲ್ಲ. ಕ್ರೈಸ್ತರು ನೂರಾರು ವರ್ಷಗಳಿಂದ ಆರಾಧನೆಯಲ್ಲಿ ಒಪ್ಪಿಸುತ್ತ ಬಂದಿರುವ ವಿಶ್ವಾಸ ಪ್ರಮಾಣಗಳಲ್ಲೂ ಇಲ್ಲ.

ಇದು ಬರಿಯ ಪಂಡಿತರ ತರ್ಕವಲ್ಲ. ರಕ್ಷಣೆಯೆಂದರೇನು, ಯಾರಿಗೆ ಅದು ಸಿಗುತ್ತದೆ, ಸಭೆಯ ಹೊರಗಿರುವವರ ಗತಿಯೇನು ಎಂಬ ಪ್ರಶ್ನೆಗಳಿಗೆ ಸಿಕ್ಕ ಅರೆಬರೆ ಉತ್ತರಗಳು ಯುದ್ಧಗಳಿಗೆ ಕಾರಣವಾಗಿವೆ. ಎಳೆಗೂಸನ್ನು ಕಳೆದುಕೊಂಡ ತಾಯಂದಿರ ದುಃಖವನ್ನು ಇಮ್ಮಡಿಗೊಳಿಸಿವೆ. ಆದ್ದರಿಂದ ತಪ್ಪು ಕಲ್ಪನೆಗಳಲ್ಲಿ ಮುಖ್ಯವಾದ ಕೆಲವನ್ನಾದರೂ ಬಿಡಿಸಿ ನೋಡುವುದು ಒಳಿತು.

ಬಾಗಿಲು ಇದೆ, ಕಾವಲುಗಾರನಿಲ್ಲ

ಮೊದಲು ನಗೆಚಿತ್ರದ ಸಾಮಗ್ರಿಗಳು ಎಲ್ಲಿಂದ ಬಂದವು ನೋಡೋಣ. ಬೀಗದ ಕೈಗಳು ಮತ್ತಾಯನ ಸುವಾರ್ತೆಯ 16ನೆಯ ಅಧ್ಯಾಯದವು. ಯೇಸು ತನ್ನ ಶಿಷ್ಯ ಪೇತ್ರನಿಗೆ ಸ್ವರ್ಗರಾಜ್ಯದ ಬೀಗದ ಕೈಗಳನ್ನು ಕೊಡುವುದಾಗಿ ಹೇಳುವ ಪ್ರಸಂಗ ಅಲ್ಲಿದೆ. ಇದು ಭೂಮಿಯ ಮೇಲಿನ ಸಭೆಯಲ್ಲಿ ಪೇತ್ರನಿಗೆ ದೊರೆತ ಅಧಿಕಾರದ ಮಾತೆಂಬುದು ಸಾಂಪ್ರದಾಯಿಕ ಅರ್ಥ. ರೋಮಿನ ಪೋಪ್ ಪೇತ್ರನ ಉತ್ತರಾಧಿಕಾರಿಯೆಂದು ಕಥೋಲಿಕರು ಹೇಳುವುದೂ ಈ ವಾಕ್ಯದ ಬಲದಿಂದಲೇ. ಜನಪದ ಕಲ್ಪನೆ ಬೀಗದ ಕೈ ಇದ್ದವನನ್ನು ಬಾಗಿಲು ಕಾಯುವವನನ್ನಾಗಿ ಮಾಡಿತು.

ಬಾಗಿಲು ಬಂದದ್ದು ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥದಿಂದ. ಅಲ್ಲಿ ವರ್ಣಿತವಾಗಿರುವ ಪವಿತ್ರ ನಗರಕ್ಕೆ 12 ಬಾಗಿಲುಗಳು, ಒಂದೊಂದೂ ಒಂದೊಂದು ಮುತ್ತಿನದು. ಆದರೆ ಆ ಬಾಗಿಲುಗಳನ್ನು ಎಂದೂ ಮುಚ್ಚುವುದಿಲ್ಲವೆಂದೂ ಅದೇ ಅಧ್ಯಾಯ ಹೇಳುತ್ತದೆ. ನಗೆಚಿತ್ರಕಾರರು ಮುತ್ತನ್ನು ಉಳಿಸಿಕೊಂಡು ಈ ಮಾತನ್ನು ಬಿಟ್ಟರು.

ರೆಕ್ಕೆಯ ವಿಷಯವಂತೂ ಪೂರ್ತಿ ತಪ್ಪು. ಕ್ರೈಸ್ತ ಬೋಧನೆಯಲ್ಲಿ ದೇವದೂತರು ಬೇರೆಯೇ ಸೃಷ್ಟಿ. ಮನುಷ್ಯ ಸತ್ತು ದೇವದೂತನಾಗುವುದಿಲ್ಲ. ಪುನರುತ್ಥಾನ ಹೊಂದಿದವರು ಮದುವೆಯಾಗುವುದಿಲ್ಲ, ಆ ವಿಷಯದಲ್ಲಿ ದೇವದೂತರಂತೆ ಇರುತ್ತಾರೆ ಎಂದು ಯೇಸು ಹೇಳಿದ್ದುಂಟು. ‘ದೂತರಂತೆ’ ಎಂದದ್ದು ‘ದೂತರಾಗಿ’ ಎಂದಾಗಿಬಿಟ್ಟಿತು.

ಸ್ವರ್ಗವೇ ಕೊನೆಯ ನಿಲ್ದಾಣವೇ?

ಇದಕ್ಕಿಂತ ಆಳವಾದ ತಪ್ಪು ಕಲ್ಪನೆ ಮತ್ತೊಂದಿದೆ. ದೇಹ ಮಣ್ಣಾಗುತ್ತದೆ, ಆತ್ಮ ಮೇಲಕ್ಕೆ ಹಾರಿ ಸ್ವರ್ಗ ಸೇರುತ್ತದೆ, ಅಲ್ಲಿಗೆ ಕಥೆ ಮುಗಿಯಿತು ಎಂಬುದೇ ಅದು. ಇದು ಕ್ರೈಸ್ತ ಧರ್ಮದ ಮೂಲ ಬೋಧನೆಯೆಂದು ಅನೇಕ ಕ್ರೈಸ್ತರೇ ತಿಳಿದಿದ್ದಾರೆ. ಆದರೆ 325ರಲ್ಲಿ ನೈಸಿಯಾದಲ್ಲೂ 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲೂ ಸೇರಿದ ಧರ್ಮಸಭೆಗಳಿಂದ ರೂಪುಗೊಂಡ ವಿಶ್ವಾಸ ಪ್ರಮಾಣದ ಕೊನೆಯಲ್ಲಿ ಇರುವುದು ಆತ್ಮದ ಹಾರಾಟವಲ್ಲ, ಸತ್ತವರ ಪುನರುತ್ಥಾನ ಮತ್ತು ಬರಲಿರುವ ಲೋಕದ ಜೀವನ. ಪಶ್ಚಿಮದ ಸಭೆಗಳಲ್ಲಿ ಬಳಕೆಯಲ್ಲಿರುವ ಅಪೊಸ್ತಲರ ವಿಶ್ವಾಸ ಪ್ರಮಾಣವೂ ದೇಹದ ಪುನರುತ್ಥಾನವೆಂದೇ ಹೇಳುತ್ತದೆ.

ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯ ಇಡಿಯಾಗಿ ಈ ವಿಷಯಕ್ಕೆ ಮೀಸಲು. ಅಲ್ಲಿ ಆತ ಬಳಸುವ ಹೋಲಿಕೆ ರೈತನಿಗೆ ಸುಲಭವಾಗಿ ತಿಳಿಯುವಂಥದು: ಬಿತ್ತುವುದು ಬರಿಯ ಕಾಳು, ಎದ್ದು ಬರುವುದು ಪೈರು. ಕಾಳು ಮತ್ತು ಪೈರು ಒಂದೇ ರೂಪದವಲ್ಲ, ಆದರೆ ಒಂದಕ್ಕೊಂದು ಸಂಬಂಧವಿಲ್ಲದವೂ ಅಲ್ಲ. ಹಾಗೆಯೇ ಈ ದೇಹ ಮತ್ತು ಎಬ್ಬಿಸಲ್ಪಡುವ ದೇಹ.

ಪ್ರಕಟನೆ ಗ್ರಂಥದ ಕೊನೆಯ ದೃಶ್ಯವೂ ಇದಕ್ಕೆ ಹೊಂದುತ್ತದೆ. ಅಲ್ಲಿ ಮನುಷ್ಯರು ಭೂಮಿ ಬಿಟ್ಟು ಮೇಲೇರುವುದಿಲ್ಲ. ಪವಿತ್ರ ನಗರವೇ ಮೇಲಿನಿಂದ ಕೆಳಗಿಳಿದು ಬರುತ್ತದೆ. ಹೊಸ ಆಕಾಶ, ಹೊಸ ಭೂಮಿ, ಮನುಷ್ಯರ ನಡುವೆ ದೇವರ ವಾಸ — ಇದು ಅದರ ಚಿತ್ರ. ಮತ್ತಾಯನ ಸುವಾರ್ತೆಯಲ್ಲಿ ಬರುವ ‘ಸ್ವರ್ಗರಾಜ್ಯ’ ಎಂಬ ಮಾತಿಗೆ ಮಾರ್ಕ ಮತ್ತು ಲೂಕರು ‘ದೇವರ ರಾಜ್ಯ’ ಎಂದೇ ಬರೆಯುತ್ತಾರೆ. ದೇವರ ಹೆಸರನ್ನು ಸಲೀಸಾಗಿ ಎತ್ತಬಾರದೆಂಬ ಯೆಹೂದಿ ಮರ್ಯಾದೆಯಿಂದ ಮತ್ತಾಯನು ‘ಸ್ವರ್ಗ’ ಎಂದನೆಂಬುದು ಬಹುಕಾಲದಿಂದ ಕೊಡುತ್ತ ಬಂದಿರುವ ವಿವರಣೆ. ಏನೇ ಇರಲಿ, ಅಲ್ಲಿ ಮಾತು ಇರುವುದು ದೇವರ ಆಳ್ವಿಕೆಯ ಬಗ್ಗೆ, ಆಕಾಶದಲ್ಲಿರುವ ಒಂದು ಊರಿನ ಬಗ್ಗೆ ಅಲ್ಲ.

ಹಾಗಾದರೆ ಸತ್ತವರು ಈಗ ಎಲ್ಲಿದ್ದಾರೆ? ಯೇಸುವಿನ ಪಕ್ಕದಲ್ಲಿ ಶಿಲುಬೆಗೇರಿದ ಅಪರಾಧಿಗೆ ಆ ದಿನವೇ ಪರದೈಸಿನಲ್ಲಿ ಇರುವ ಭರವಸೆ ಸಿಕ್ಕಿತೆಂದು ಲೂಕನು ಬರೆದಿದ್ದಾನೆ. ಆದ್ದರಿಂದ ಹೆಚ್ಚಿನ ಸಭೆಗಳು ಸತ್ತವರು ದೇವರ ಸನ್ನಿಧಿಯಲ್ಲಿರುತ್ತಾರೆಂದು ಬೋಧಿಸುತ್ತವೆ. ಆದರೆ ಅದು ಕಾಯುವಿಕೆಯ ಕಾಲ, ಪೂರ್ಣತೆ ಬರುವುದು ಪುನರುತ್ಥಾನದಲ್ಲಿ ಎಂಬುದನ್ನೂ ಅವು ಸೇರಿಸುತ್ತವೆ.

‘ಮೋಕ್ಷ’ ಎಂಬ ಮಾತನ್ನು ಇಲ್ಲಿ ಹಾಗೆಯೇ ಹಾಕಲು ಬರುವುದಿಲ್ಲವೆನ್ನುವುದಕ್ಕೆ ಕಾರಣವೂ ಇದೇ. ಹುಟ್ಟು ಸಾವುಗಳ ಚಕ್ರದಿಂದ ಬಿಡುಗಡೆ ಎಂಬ ಅರ್ಥ ಮೋಕ್ಷಕ್ಕಿದೆ. ಕ್ರೈಸ್ತ ಬೋಧನೆಯಲ್ಲಿ ಚಕ್ರವಿಲ್ಲ. ಒಂದೇ ಹುಟ್ಟು, ಒಂದೇ ಸಾವು. ಬಿಡುಗಡೆ ದೇಹದಿಂದ ಅಲ್ಲ, ಪಾಪ ಮತ್ತು ಮರಣದಿಂದ. ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ರಕ್ಷಣೆಗೆ ಇರುವ ‘ಸೊತೇರಿಯಾ’ ಎಂಬ ಪದಕ್ಕೆ ಅಪಾಯದಿಂದ ಪಾರಾಗುವುದು, ಕ್ಷೇಮವಾಗುವುದು ಎಂಬ ಅರ್ಥಗಳಿವೆ. ಯೇಸು ರೋಗಿಗಳನ್ನು ಗುಣಪಡಿಸಿದ ಕಥೆಗಳಲ್ಲಿ ಬರುವ ಕ್ರಿಯಾಪದವೂ ಅದೇ ಮೂಲದ್ದು. ಕನ್ನಡದಲ್ಲಿ ‘ರಕ್ಷಣೆ’ ಎಂಬ ಪದ ನಿಂತದ್ದು ಈ ಅರ್ಥಕ್ಕೆ ಸಮೀಪವಾಗಿದೆ.

ಸುಟ್ಟರೆ ಎದ್ದು ಬರುವುದಿಲ್ಲವೇ?

ಕ್ರೈಸ್ತರು ಹೆಣವನ್ನು ಹೂಳುವುದೇಕೆ ಎಂಬ ಪ್ರಶ್ನೆಗೆ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ, ಸುಟ್ಟರೆ ಕೊನೆಯ ದಿನ ಎದ್ದು ಬರಲಾಗುವುದಿಲ್ಲ ಎಂಬುದು. ಇದು ಬಹಳ ಹಳೆಯ ತಪ್ಪು ತಿಳಿವಳಿಕೆ. 177ರಲ್ಲಿ ಈಗಿನ ಫ್ರಾನ್ಸಿನ ಲಿಯೋನ್ ನಗರದಲ್ಲಿ ಕೊಲ್ಲಲ್ಪಟ್ಟ ಕ್ರೈಸ್ತರ ದೇಹಗಳನ್ನು ಸುಟ್ಟು, ಬೂದಿಯನ್ನು ರೋನ್ ನದಿಗೆ ಎಸೆಯಲಾಯಿತು. ಇವರು ಇನ್ನು ಹೇಗೆ ಏಳುತ್ತಾರೋ ನೋಡೋಣ ಎಂಬುದು ಕೊಂದವರ ಹಟವಾಗಿತ್ತೆಂದು ಇತಿಹಾಸಕಾರ ಯೂಸೇಬಿಯಸ್ ದಾಖಲಿಸಿದ್ದಾನೆ. ಆದರೆ ಆ ಹುತಾತ್ಮರು ರಕ್ಷಣೆ ಕಳೆದುಕೊಂಡರೆಂದು ಯಾವ ಕ್ರೈಸ್ತನೂ ಭಾವಿಸಲಿಲ್ಲ. ಶೂನ್ಯದಿಂದ ಸೃಷ್ಟಿಸಿದ ದೇವರಿಗೆ ಬೂದಿ ಅಡ್ಡಿಯಾಗಲಾರದು ಎಂಬುದು ಅವರ ನಿಲುವು.

ಹೂಳುವ ಪದ್ಧತಿಗೆ ಇದ್ದ ಕಾರಣ ದೇಹದ ಮೇಲಿನ ಗೌರವ ಮತ್ತು ಯೇಸುವಿನ ಸಮಾಧಿಯ ನೆನಪು. ಯೂರೋಪಿನಲ್ಲಿ ಧರ್ಮವಿರೋಧದ ಸಂಕೇತವಾಗಿ ದಹನದ ಚಳವಳಿ ಬೆಳೆದಾಗ ಕಥೋಲಿಕ ಸಭೆ 1886ರಲ್ಲಿ ಅದನ್ನು ನಿಷೇಧಿಸಿತು. 1963ರಲ್ಲಿ ನಿಷೇಧ ಸಡಿಲವಾಯಿತು. ದಹನಕ್ಕೆ ಅಡ್ಡಿಯಿಲ್ಲ, ಆದರೆ ಬೂದಿಯನ್ನು ಚೆಲ್ಲದೆ ಪವಿತ್ರ ಸ್ಥಳದಲ್ಲಿಡಬೇಕು ಎಂದು 2016ರ ಸೂಚನೆ ಹೇಳುತ್ತದೆ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಹೆಚ್ಚಿನವು ಇದಕ್ಕೂ ಮೊದಲೇ ದಹನವನ್ನು ಒಪ್ಪಿಕೊಂಡಿದ್ದವು.

ಪುಣ್ಯ ಕೊಟ್ಟು ಸ್ವರ್ಗ ಕೊಳ್ಳುವುದೇ?

ಒಳ್ಳೆಯ ಕೆಲಸಗಳು ಒಂದು ತಟ್ಟೆಯಲ್ಲಿ, ಕೆಟ್ಟವು ಇನ್ನೊಂದರಲ್ಲಿ. ತಕ್ಕಡಿ ಯಾವ ಕಡೆ ವಾಲಿತೋ ಆ ಕಡೆಗೆ ಆತ್ಮ — ಇದೂ ಜನಜನಿತವಾದ ಕಲ್ಪನೆ. ಬೈಬಲಿನಲ್ಲಿ ನ್ಯಾಯತೀರ್ಪು ಇಲ್ಲವೆಂದಲ್ಲ. ಪ್ರಕಟನೆ ಗ್ರಂಥದಲ್ಲಿ ತೆರೆದ ಪುಸ್ತಕಗಳ ಪ್ರಸ್ತಾಪವಿದೆ. ಹಸಿದವರಿಗೆ ಅನ್ನ ಕೊಟ್ಟಿರಾ, ಸೆರೆಯಲ್ಲಿದ್ದವರನ್ನು ನೋಡಲು ಹೋದಿರಾ ಎಂದು ಕೊನೆಯ ದಿನ ಕೇಳಲಾಗುವುದೆಂದು ಮತ್ತಾಯನ 25ನೆಯ ಅಧ್ಯಾಯ ಹೇಳುತ್ತದೆ. ಆದರೆ ಒಳ್ಳೆಯ ಕೆಲಸಗಳ ಬಲದಿಂದ ಮನುಷ್ಯ ತಾನಾಗಿ ರಕ್ಷಣೆ ಗಳಿಸಬಲ್ಲ ಎಂಬ ವಾದವನ್ನು ಸಭೆ ಬಹಳ ಹಿಂದೆಯೇ ತಿರಸ್ಕರಿಸಿದೆ.

ಐದನೆಯ ಶತಮಾನದ ಆರಂಭದಲ್ಲಿ ಪೆಲೇಜಿಯಸ್ ಎಂಬ ವಿರಕ್ತ ಇಂಥ ವಾದವನ್ನು ಮುಂದಿಟ್ಟಿದ್ದ. ಮನುಷ್ಯ ಮನಸ್ಸು ಮಾಡಿದರೆ ಪಾಪವಿಲ್ಲದೆ ಬದುಕಬಲ್ಲ ಎಂಬುದು ಅದರ ಸಾರ. ಉತ್ತರ ಆಫ್ರಿಕದ ಹಿಪ್ಪೋ ನಗರದ ಬಿಷಪ್ ಅಗಸ್ಟೀನ್ ಅದನ್ನು ಬಲವಾಗಿ ಎದುರಿಸಿದ. ಮೊದಲ ಹೆಜ್ಜೆಯೂ ದೇವರ ಕೃಪೆಯಿಂದಲೇ ಎಂಬುದು ಆತನ ನಿಲುವು. 418ರಲ್ಲಿ ಕಾರ್ಥೇಜಿನಲ್ಲೂ 529ರಲ್ಲಿ ಫ್ರಾನ್ಸಿನ ಓರೆಂಜ್‌ನಲ್ಲೂ ಸೇರಿದ ಧರ್ಮಸಭೆಗಳು ಅಗಸ್ಟೀನನ ಪಕ್ಷ ವಹಿಸಿದವು. ಆದ್ದರಿಂದ ‘ಪ್ರಾಟೆಸ್ಟೆಂಟರದು ವಿಶ್ವಾಸದಿಂದ ರಕ್ಷಣೆ, ಕಥೋಲಿಕರದು ಪುಣ್ಯಕಾರ್ಯದಿಂದ ರಕ್ಷಣೆ’ ಎಂದು ಪರೀಕ್ಷೆಯ ಗೈಡುಗಳಲ್ಲಿ ಬರೆದಿರುವಂತೆ ಎರಡೇ ಸಾಲಿನಲ್ಲಿ ಹೇಳಿಬಿಡುವುದು ಸರಿಯಲ್ಲ.

ಹಾಗಿದ್ದರೆ ಮಾರ್ಟಿನ್ ಲೂಥರ್ ಸಿಡಿದೆದ್ದದ್ದು ಏಕೆ? ಇಲ್ಲಿ ‘ಇಂಡಲ್ಜೆನ್ಸ್’ ಎಂಬ ವಿನಾಯಿತಿಯ ವಿಷಯ ತಿಳಿಯಬೇಕು. ಪಾಪವನ್ನು ಕ್ಷಮಿಸುವ ಚೀಟಿಯೆಂದೋ ಮುಂದೆ ಮಾಡಲಿರುವ ಪಾಪಕ್ಕೆ ಮುಂಗಡ ಪರವಾನಗಿಯೆಂದೋ ಅದನ್ನು ವರ್ಣಿಸುವುದುಂಟು. ಸಿದ್ಧಾಂತದ ಪ್ರಕಾರ ಅದು ಎರಡೂ ಅಲ್ಲ. ಹುಡುಗನೊಬ್ಬ ಚೆಂಡೆಸೆದು ನೆರೆಮನೆಯ ಹಂಚು ಒಡೆದನೆನ್ನಿ. ನೆರೆಯವರು ಕ್ಷಮಿಸಿದರು, ಆದರೂ ಹಂಚು ಹೊದಿಸಿಕೊಡುವ ಹೊಣೆ ಉಳಿಯಿತು. ಹಾಗೆಯೇ ಪಾಪ ನಿವೇದನೆಯಿಂದ ಕ್ಷಮೆ ಸಿಕ್ಕ ಮೇಲೂ ಉಳಿಯುವ ಪ್ರಾಯಶ್ಚಿತ್ತದ ಬಾಕಿಗೆ ಕೊಡುವ ವಿನಾಯಿತಿಯೇ ಇಂಡಲ್ಜೆನ್ಸ್. ಈ ಬಾಕಿ ತೀರದೆ ಸತ್ತವರು ಶುದ್ಧಿಯಾಗುವ ಸ್ಥಿತಿಯೇ ‘ಪರ್ಗೆಟರಿ’. ಅದು ಎರಡನೆಯ ಅವಕಾಶವೂ ಅಲ್ಲ, ಸಣ್ಣ ನರಕವೂ ಅಲ್ಲ. ಅಲ್ಲಿರುವವರು ರಕ್ಷಣೆ ಹೊಂದಿದವರೇ ಎಂಬುದು ಕಥೋಲಿಕ ಬೋಧನೆ. ನವೆಂಬರ್ 2ರಂದು ಮಂಗಳೂರು, ಬೆಂಗಳೂರುಗಳ ಕಥೋಲಿಕ ಸ್ಮಶಾನಗಳಲ್ಲಿ ಸಮಾಧಿಗಳ ಮೇಲೆ ಹೂವಿಟ್ಟು ಮೇಣದಬತ್ತಿ ಹಚ್ಚಿ ಪ್ರಾರ್ಥಿಸುವುದು ಅಂಥವರಿಗಾಗಿ. ಆರ್ಥಡಾಕ್ಸ್ ಸಭೆಗಳು ಸತ್ತವರಿಗಾಗಿ ಪ್ರಾರ್ಥಿಸಿದರೂ ಈ ಸಿದ್ಧಾಂತವನ್ನು ಒಪ್ಪುವುದಿಲ್ಲ; ಪ್ರಾಟೆಸ್ಟೆಂಟರು ಇದನ್ನು ಪೂರ್ತಿ ತಳ್ಳಿಹಾಕಿದ್ದಾರೆ.

ಸಿದ್ಧಾಂತ ಹೀಗಿದ್ದರೂ ಆಚರಣೆ ಬೇರೆ ದಾರಿ ಹಿಡಿಯಿತು. ಜರ್ಮನಿಯ ಮೈಂಜ್‌ನ ಆರ್ಚ್‌ಬಿಷಪ್ ಆಲ್ಬ್ರೆಖ್ಟ್ ಆ ಪದವಿಗಾಗಿ ರೋಮಿಗೆ ಕೊಡಬೇಕಾದ ಹಣವನ್ನು ಔಗ್ಸ್‌ಬರ್ಗಿನ ಫುಗ್ಗರ್ ಮನೆತನದಿಂದ ಸಾಲ ತಂದಿದ್ದ. ಅವನ ಸೀಮೆಯಲ್ಲಿ ಇಂಡಲ್ಜೆನ್ಸ್‌ನಿಂದ ಸಂಗ್ರಹವಾದ ಹಣದಲ್ಲಿ ಅರ್ಧ ಈ ಸಾಲಕ್ಕೆ, ಇನ್ನರ್ಧ ರೋಮಿನ ಸಂತ ಪೇತ್ರರ ಮಹಾದೇವಾಲಯದ ಕಟ್ಟಡಕ್ಕೆ ಎಂಬ ಏರ್ಪಾಡಾಯಿತು. ಯೋಹಾನ್ ಟೆಟ್ಸೆಲ್ ಎಂಬ ಸಂನ್ಯಾಸಿ ಊರೂರು ತಿರುಗಿ ಪ್ರಚಾರ ಮಾಡಿದ. ಅವನಿಗೆ ಪ್ರವೇಶವಿಲ್ಲದ ಸ್ಯಾಕ್ಸನಿಯಿಂದಲೂ ಜನ ಗಡಿ ದಾಟಿ ಹೋಗಿ ಪತ್ರ ಕೊಂಡು ತಂದರು. ಬಡವರು ಮಕ್ಕಳ ಅನ್ನದ ಹಣವನ್ನು ಕಾಗದಕ್ಕೆ ಸುರಿಯುತ್ತಿದ್ದಾರಲ್ಲ ಎಂಬ ಸಂಕಟ ವಿಟೆನ್‌ಬರ್ಗಿನ ಪ್ರಾಧ್ಯಾಪಕ ಲೂಥರನದು. 1517ರ ಅಕ್ಟೋಬರ್ 31ರಂದು ಆತ ಆರ್ಚ್‌ಬಿಷಪ್ಪನಿಗೆ ಪತ್ರ ಬರೆದು ತನ್ನ 95 ಪ್ರಮೇಯಗಳನ್ನು ಜೊತೆಗಿಟ್ಟ. ಚರ್ಚಿನ ಬಾಗಿಲಿಗೆ ಮೊಳೆ ಹೊಡೆದ ಕಥೆಯ ಬಗ್ಗೆ ಇತಿಹಾಸಕಾರರಲ್ಲಿ ವಿವಾದವಿದೆ. ಈ ಪತ್ರದ ಬಗ್ಗೆ ಇಲ್ಲ. ಆ ಹಂತದಲ್ಲಿ ಆತ ಇಂಡಲ್ಜೆನ್ಸ್ ಬೇಡವೇ ಬೇಡ ಎಂದಿರಲಿಲ್ಲ, ಅದರ ದುರುಪಯೋಗವನ್ನು ಪ್ರಶ್ನಿಸಿದ್ದ ಎಂಬುದೂ ಗಮನಾರ್ಹ.

ಮುಂದೆ ಹಣ ಕೊಟ್ಟು ಪಡೆಯುವ ಇಂಡಲ್ಜೆನ್ಸ್‌ಗಳನ್ನು ಪೋಪ್ ಐದನೆಯ ಪಯಸ್ 1567ರಲ್ಲಿ ರದ್ದು ಮಾಡಿದರು. ಆದರೆ ಅಷ್ಟು ಹೊತ್ತಿಗೆ ಯೂರೋಪ್ ಇಬ್ಭಾಗವಾಗಿತ್ತು. ವಿಶ್ವಾಸವೊಂದರಿಂದಲೇ ಮನುಷ್ಯ ನೀತಿವಂತನೆನಿಸುತ್ತಾನೆ ಎಂಬ ಲೂಥರನ ಬೋಧನೆ ಒಂದು ಕಡೆ, ಕೃಪೆಯೊಡನೆ ಮನುಷ್ಯನ ಸಹಕಾರವೂ ಬೇಕೆಂಬ ಕಥೋಲಿಕ ಬೋಧನೆ ಇನ್ನೊಂದು ಕಡೆ ನಿಂತವು. ವಿಶ್ವಾಸವೊಂದಿದ್ದರೆ ಸಾಕು, ಹೇಗೆ ಬದುಕಿದರೂ ನಡೆಯುತ್ತದೆ ಎಂಬುದು ಲೂಥರನ ಮಾತೆಂದು ತಿಳಿಯುವುದು ಇನ್ನೊಂದು ತಪ್ಪು. ಒಳ್ಳೆಯ ಮರ ಒಳ್ಳೆಯ ಹಣ್ಣು ಬಿಡುವಂತೆ ವಿಶ್ವಾಸದಿಂದ ಸತ್ಕಾರ್ಯ ಹುಟ್ಟಲೇಬೇಕೆಂದು ಆತ ಹೇಳುತ್ತಿದ್ದ. ಹಣ್ಣಿನಿಂದ ಮರ ಹುಟ್ಟುವುದಿಲ್ಲ ಎಂಬುದಷ್ಟೇ ಆತನ ತಕರಾರು.

ಈ ಜಗಳಕ್ಕೆ ಒಂದು ಮಟ್ಟಿನ ತೆರೆ ಬಿದ್ದದ್ದು 1999ರ ಅಕ್ಟೋಬರ್ 31ರಂದು. ಲೂಥರನ್ ಸಭೆಗಳ ವಿಶ್ವ ಒಕ್ಕೂಟ ಮತ್ತು ಕಥೋಲಿಕ ಸಭೆ ಅಂದು ಔಗ್ಸ್‌ಬರ್ಗಿನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದವು. ಮನುಷ್ಯನನ್ನು ದೇವರು ಸ್ವೀಕರಿಸುವುದು ಅವನ ಯೋಗ್ಯತೆ ನೋಡಿ ಅಲ್ಲ, ಕೃಪೆಯಿಂದ. ಆ ಕೃಪೆಯೇ ಅವನನ್ನು ಸತ್ಕಾರ್ಯಕ್ಕೆ ಅಣಿಗೊಳಿಸುತ್ತದೆ ಎಂಬುದು ಅದರ ತಾತ್ಪರ್ಯ. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟ ಇದಕ್ಕೆ ಸೇರಿಕೊಂಡವು. ಎಲ್ಲ ಭಿನ್ನಾಭಿಪ್ರಾಯ ಮುಗಿದಿಲ್ಲ. ಆದರೂ ಯುದ್ಧಗಳಿಗೆ ನೆಪವಾಗಿದ್ದ ವಿಷಯದಲ್ಲಿ ಸುಮಾರು 480 ವರ್ಷಗಳ ಬಳಿಕ ಎರಡು ಪಕ್ಷಗಳು ಒಂದೇ ಕಾಗದಕ್ಕೆ ಸಹಿ ಹಾಕಿದವು.

ಸಭೆಯೆಂದರೆ ಕಟ್ಟಡವಲ್ಲ

‘ಚರ್ಚ್’ ಎಂದೊಡನೆ ಎತ್ತರದ ಗೋಪುರ, ಗಂಟೆ, ಬಣ್ಣದ ಗಾಜು ಕಣ್ಣಿಗೆ ಕಟ್ಟುತ್ತವೆ. ಹೊಸ ಒಡಂಬಡಿಕೆಯಲ್ಲಿರುವ ಪದ ‘ಎಕ್ಲೇಸಿಯಾ’. ಪ್ರಾಚೀನ ಅಥೆನ್ಸಿನಲ್ಲಿ ನಾಗರಿಕರ ಸಭೆಗೆ ಇದ್ದ ಹೆಸರು ಅದು. ಅದೇ ಪದ ಪೋರ್ಚುಗೀಸರ ಬಾಯಲ್ಲಿ ‘ಇಗ್ರೇಜ’ ಆಗಿ, ಗೋವೆ ಮತ್ತು ಕರಾವಳಿಯ ಕೊಂಕಣಿಯಲ್ಲಿ ‘ಇಗರ್ಜಿ’ ಆಯಿತು. ಕನ್ನಡದ ಬೈಬಲ್ ಅನುವಾದಕರು ಆರಿಸಿಕೊಂಡ ‘ಸಭೆ’ ಎಂಬ ಪದ ಮೂಲಾರ್ಥಕ್ಕೆ ತೀರ ಹತ್ತಿರ.

ಆರಂಭದ ಕ್ರೈಸ್ತರಿಗೆ ದೇವಾಲಯದ ಕಟ್ಟಡಗಳೇ ಇರಲಿಲ್ಲ. ಪ್ರಿಸ್ಕ ಮತ್ತು ಅಕ್ವಿಲ ಎಂಬ ದಂಪತಿಗಳ ಮನೆಯಲ್ಲಿ ಕೂಡುವ ಸಭೆಗೆ ಪೌಲನು ವಂದನೆ ತಿಳಿಸಿದ್ದಾನೆ. ಸಿರಿಯಾದಲ್ಲಿ ಯೂಫ್ರಟೀಸ್ ದಂಡೆಯ ಡ್ಯೂರಾ ಯೂರೋಪಸ್‌ನಲ್ಲಿ 1930ರ ದಶಕದ ಉತ್ಖನನದಲ್ಲಿ ಸಿಕ್ಕಿದ, ಮೂರನೆಯ ಶತಮಾನದ ಆರಾಧನಾ ಸ್ಥಳವೂ ಮಾರ್ಪಡಿಸಿದ ಒಂದು ವಾಸದ ಮನೆಯೇ.

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಷನರಿಗಳು 19ನೆಯ ಶತಮಾನದಲ್ಲಿ ಕಟ್ಟಿದ ಜಪಮಾಲೆ ಮಾತೆಯ ದೇವಾಲಯ ಹೇಮಾವತಿ ಜಲಾಶಯದ ಮುಳುಗಡೆಗೆ ಸಿಕ್ಕಿತು. ಮಳೆಗಾಲದಲ್ಲಿ ಅದರ ಪಾಳುಗೋಡೆಗಳು ನೀರಿನ ನಡುವೆ ನಿಂತಿರುವುದನ್ನು ನೋಡಲು ಪ್ರವಾಸಿಗರು ಹೋಗುತ್ತಾರೆ. ಊರಿನ ಜನ ಬೇರೆಡೆ ನೆಲೆಸಬೇಕಾಯಿತು. ಕ್ರೈಸ್ತ ಬೋಧನೆಯ ಪ್ರಕಾರ ಅಲ್ಲಿ ಮುಳುಗಿದ್ದು ಕಟ್ಟಡ. ಸಭೆ ಜನರೊಂದಿಗೆ ಹೊಸ ಊರಿಗೆ ಹೋಯಿತು.

‘ಚರ್ಚ್ ಹೀಗೆ ಹೇಳುತ್ತದೆ’ ಎಂದು ಒಂದೇ ಬಾಯಿಯಲ್ಲಿ ಹೇಳುವುದೂ ಕಷ್ಟ. ಪೋಪರ ಅಧಿಕಾರ ಕಥೋಲಿಕರಿಗೆ ಮಾತ್ರ ಅನ್ವಯಿಸುತ್ತದೆ. ನಮ್ಮಲ್ಲೇ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಪರಂಪರೆಗಳು ಕೂಡಿ 1947ರಲ್ಲಿ ರೂಪುಗೊಂಡ ದಕ್ಷಿಣ ಇಂಡಿಯಾ ಸಭೆಗೆ ತನ್ನದೇ ಆಡಳಿತವಿದೆ.

ಹೊರಗಿರುವವರಿಗೆ ರಕ್ಷಣೆ ಇಲ್ಲವೇ?

ಕ್ರೈಸ್ತೇತರರಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚುವ ಮಾತು ಇದು: ಸಭೆಯ ಹೊರಗೆ ರಕ್ಷಣೆ ಇಲ್ಲ. ಇದರ ಮೂಲ ಮೂರನೆಯ ಶತಮಾನದ ಕಾರ್ಥೇಜಿನ ಬಿಷಪ್ ಸಿಪ್ರಿಯನ್. 250ರ ಸುಮಾರಿಗೆ ರೋಮನ್ ಚಕ್ರವರ್ತಿ ಡೀಸಿಯಸ್ ಕ್ರೈಸ್ತರನ್ನು ಹಿಂಸಿಸಿದಾಗ ಅನೇಕರು ಅಂಜಿ ಧರ್ಮ ಬಿಟ್ಟಿದ್ದರು. ಅವರನ್ನು ಮತ್ತೆ ಸೇರಿಸಿಕೊಳ್ಳಬೇಕೆ ಎಂಬ ಜಗಳದಲ್ಲಿ ಒಂದು ಬಣ ಒಡೆದು ಬೇರೆಯಾಯಿತು. ಒಡೆದುಹೋದವರು ಕೊಡುವ ದೀಕ್ಷಾಸ್ನಾನ ಸಲ್ಲುತ್ತದೆಯೇ ಎಂಬ ಚರ್ಚೆಯಲ್ಲಿ ಸಿಪ್ರಿಯನ್ ಈ ಮಾತು ಆಡಿದ. ಆತನ ಮುಂದಿದ್ದವರು ಸಭೆಯನ್ನು ಒಡೆಯುತ್ತಿದ್ದ ಕ್ರೈಸ್ತರು, ಅನ್ಯಧರ್ಮೀಯರಲ್ಲ. ದೀಕ್ಷಾಸ್ನಾನದ ಪ್ರಶ್ನೆಯಲ್ಲಂತೂ ಸಭೆ ಕೊನೆಗೆ ಒಪ್ಪಿಕೊಂಡದ್ದು ಆತನ ಎದುರಾಳಿ ಪೋಪ್ ಸ್ಟೀಫನ್ನರ ನಿಲುವನ್ನು.

ಆದರೆ ಇದನ್ನು ಬರಿಯ ತಪ್ಪು ತಿಳಿವಳಿಕೆ ಎಂದು ಕೈತೊಳೆದುಕೊಳ್ಳುವುದು ಪ್ರಾಮಾಣಿಕವಾಗಲಾರದು. ಮಧ್ಯಯುಗದಲ್ಲಿ ಸಭೆಯೇ ಈ ಮಾತನ್ನು ಕಠಿಣವಾಗಿ ಬಳಸಿತು. 1442ರಲ್ಲಿ ಫ್ಲಾರೆನ್ಸ್ ಧರ್ಮಸಭೆಯ ದಾಖಲೆ ಅನ್ಯಧರ್ಮೀಯರನ್ನೂ ಯೆಹೂದಿಗಳನ್ನೂ ಹೆಸರಿಸಿಯೇ ಹೊರಗಿಟ್ಟಿತು. ಸುವಾರ್ತೆ ಲೋಕದ ಎಲ್ಲೆಡೆ ತಲುಪಿಯಾಗಿದೆ, ಇನ್ನೂ ಒಪ್ಪದವರು ಬೇಕೆಂದೇ ಒಪ್ಪದವರು ಎಂಬ ಭಾವನೆ ಆಗ ಯೂರೋಪಿನಲ್ಲಿತ್ತು. 1492ರಲ್ಲಿ ಕೊಲಂಬಸ್ ಅಮೆರಿಕ ತಲುಪಿದಾಗ ಈ ಲೆಕ್ಕ ತಪ್ಪಿತು. ಸಾವಿರದೈನೂರು ವರ್ಷ ಯೇಸುವಿನ ಹೆಸರನ್ನೇ ಕೇಳದವರನ್ನು ದೇವರು ಹೇಗೆ ದಂಡಿಸಿಯಾನು ಎಂದು ಸ್ಪೇನಿನ ಸಾಲಮಂಕಾದ ಪಂಡಿತರು ಯೋಚಿಸತೊಡಗಿದರು.

ಇಪ್ಪತ್ತನೆಯ ಶತಮಾನದ ಒಂದು ಪ್ರಸಂಗ ಸ್ವಾರಸ್ಯಕರವಾಗಿದೆ. ಅಮೆರಿಕದ ಬಾಸ್ಟನ್ ಪ್ರದೇಶದಲ್ಲಿ ಲಿಯೊನಾರ್ಡ್ ಫೀನಿ ಎಂಬ ಜೆಸ್ವಿಟ್ ಪಾದ್ರಿ, ಕಥೋಲಿಕರಲ್ಲದ ಯಾರಿಗೂ ರಕ್ಷಣೆಯಿಲ್ಲ ಎಂದು ಹಟ ಹಿಡಿದು ಬೋಧಿಸುತ್ತಿದ್ದರು. ಅವರ ವ್ಯಾಖ್ಯಾನ ಸರಿಯಲ್ಲವೆಂದು 1949ರಲ್ಲಿ ರೋಮಿನಿಂದಲೇ ಪತ್ರ ಬಂತು. ಅರಿಯದೆ ಹೊರಗಿದ್ದೂ ದೇವರ ಚಿತ್ತಕ್ಕೆ ಮನಸೋತವನು ಅಂತರಂಗದಲ್ಲಿ ಸಭೆಯತ್ತ ಮುಖ ಮಾಡಿದವನೇ ಎಂಬುದು ಅದರ ವಿವರಣೆ. ಕರೆ ಬಂದರೂ ರೋಮಿಗೆ ಹೋಗದ ಫೀನಿಯವರಿಗೆ ಅವಿಧೇಯತೆಯ ಕಾರಣದಿಂದ 1953ರಲ್ಲಿ ಬಹಿಷ್ಕಾರ ಹಾಕಲಾಯಿತು. ಸಭೆಯ ಹೊರಗೆ ರಕ್ಷಣೆಯಿಲ್ಲ ಎಂದವರೇ ಸಭೆಯ ಹೊರಗೆ ನಿಲ್ಲಬೇಕಾಯಿತು. 1972ರಲ್ಲಿ ಅವರನ್ನು ಮತ್ತೆ ಸೇರಿಸಿಕೊಳ್ಳಲಾಯಿತು.

ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಇದನ್ನು ಸ್ಪಷ್ಟಪಡಿಸಿತು. ತಮ್ಮದಲ್ಲದ ಕಾರಣದಿಂದ ಸುವಾರ್ತೆಯನ್ನು ಅರಿಯದೆ, ಪ್ರಾಮಾಣಿಕವಾಗಿ ದೇವರನ್ನು ಅರಸುತ್ತ ಅಂತಃಸಾಕ್ಷಿಯಂತೆ ನಡೆಯುವವರೂ ರಕ್ಷಣೆ ಹೊಂದಬಹುದು ಎಂದಿತು. 1965ರ ಮತ್ತೊಂದು ದಾಖಲೆ ಹಿಂದೂ, ಬೌದ್ಧ, ಇಸ್ಲಾಂ, ಯೆಹೂದಿ ಧರ್ಮಗಳನ್ನು ಗೌರವದಿಂದ ಹೆಸರಿಸಿತು. ಎಲ್ಲ ಧರ್ಮಗಳೂ ಒಂದೇ ಎಂದು ಇದರ ಅರ್ಥವಲ್ಲ. ರಕ್ಷಣೆ ಯಾರಿಗೆ ಸಿಕ್ಕರೂ ಅದು ಕ್ರಿಸ್ತನ ಮೂಲಕವೇ ಎಂಬ ನಿಲುವನ್ನು 2000ದ ಇಸವಿಯ ದಾಖಲೆಯೊಂದು ಒತ್ತಿ ಹೇಳಿತು. ಪ್ರಾಟೆಸ್ಟೆಂಟರಲ್ಲಿ ಅಭಿಪ್ರಾಯ ಒಂದೇ ಇಲ್ಲ. ಬಾಯಿಬಿಟ್ಟು ಯೇಸುವನ್ನು ಒಪ್ಪಿಕೊಂಡವರಿಗೆ ಮಾತ್ರ ರಕ್ಷಣೆ ಎನ್ನುವವರಿದ್ದಾರೆ. ಉಳಿದವರ ವಿಷಯ ದೇವರಿಗೆ ಬಿಟ್ಟದ್ದು ಎನ್ನುವವರೂ ಇದ್ದಾರೆ.

ಹೆಸರಿಲ್ಲದ ಸಮಾಧಿಗಳು

ಇಂಥ ಸಿದ್ಧಾಂತಗಳು ಮನೆಮನೆಯ ಬದುಕನ್ನು ಹೇಗೆ ಮುಟ್ಟುತ್ತವೆ ಎಂಬುದಕ್ಕೆ ಐರ್ಲೆಂಡಿನಲ್ಲಿ ಸಾಕ್ಷಿಗಳಿವೆ. ಅಲ್ಲಿನ ಹಳ್ಳಿಗಾಡಿನಲ್ಲಿ, ಪಾಳುಬಿದ್ದ ಕೋಟೆಯ ದಿಬ್ಬಗಳಲ್ಲಿ, ಸಮುದ್ರದಂಚಿನಲ್ಲಿ ‘ಕಿಲ್ಲೀನ್’ ಎಂಬ ಸಣ್ಣ ಸಣ್ಣ ಸ್ಮಶಾನಗಳಿವೆ. ದೀಕ್ಷಾಸ್ನಾನಕ್ಕೆ ಮೊದಲೇ ಸತ್ತ ಕೂಸುಗಳನ್ನು ಪವಿತ್ರ ಭೂಮಿಯಲ್ಲಿ ಹೂಳುವಂತಿರಲಿಲ್ಲವಾದ್ದರಿಂದ ಇಲ್ಲಿ ಹೂಳುತ್ತಿದ್ದರು. ಗುರುತಿಗೆ ಒಂದು ಕಾಡುಗಲ್ಲು ಮಾತ್ರ. ಇಪ್ಪತ್ತನೆಯ ಶತಮಾನದಲ್ಲೂ ಈ ಪದ್ಧತಿ ನಡೆಯಿತು.

ಇದರ ಹಿಂದೆ ಇದ್ದದ್ದು ‘ಲಿಂಬೋ’ ಎಂಬ ಕಲ್ಪನೆ. ದೀಕ್ಷಾಸ್ನಾನವಿಲ್ಲದ ಕೂಸುಗಳಿಗೆ ಅತ್ಯಂತ ಸೌಮ್ಯವಾದ ಶಿಕ್ಷೆ ಎಂದು ಅಗಸ್ಟೀನ್ ಬರೆದಿದ್ದ. ಅದು ಮಧ್ಯಯುಗದ ಪಂಡಿತರಿಗೆ ಕ್ರೂರವೆನಿಸಿತು. ಆದ್ದರಿಂದ ಶಿಕ್ಷೆಯೂ ಇಲ್ಲದ, ದೇವರ ದರ್ಶನವೂ ಇಲ್ಲದ ಒಂದು ಅಂಚಿನ ನೆಲೆಯನ್ನು ಊಹಿಸಿದರು. ಕರುಣೆಯಿಂದ ಹುಟ್ಟಿದ ಊಹೆಯೇ ಮುಂದೆ ತಾಯಂದಿರ ಪಾಲಿಗೆ ಕಠೋರವಾದ ತೀರ್ಪಾಯಿತು. ವಿಚಿತ್ರವೆಂದರೆ ಲಿಂಬೋ ಎಂದೂ ಕಥೋಲಿಕ ಸಭೆಯ ಕಡ್ಡಾಯ ಸಿದ್ಧಾಂತವಾಗಿರಲಿಲ್ಲ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಇಂಥ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸಿತು. ಅವರ ರಕ್ಷಣೆಯನ್ನು ಆಶಿಸಲು ಬಲವಾದ ಕಾರಣಗಳಿವೆ ಎಂದು 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಮಂಡಳಿಯ ದಾಖಲೆ ಪ್ರಕಟವಾಯಿತು.

ಆತ್ಮಹತ್ಯೆ ಮಾಡಿಕೊಂಡವರ ವಿಷಯವೂ ಹೀಗೆಯೇ. ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದಲ್ಲಿ ಒಫೀಲಿಯಾಳಿಗೆ ಪೂರ್ಣ ವಿಧಿಗಳು ಸಲ್ಲುತ್ತವೆಯೇ ಎಂದು ಗೋರಿ ತೋಡುವವರು ಚರ್ಚಿಸುವುದು ಬಹಳ ಓದುಗರಿಗೆ ನೆನಪಿರಬಹುದು. ಇಂಗ್ಲೆಂಡಿನಲ್ಲಿ ಇಂಥವರನ್ನು ದಾರಿಗಳು ಕೂಡುವಲ್ಲಿ ಹೂಳುವ ಪದ್ಧತಿಗೆ 1823ರ ಕಾಯಿದೆ ಅಂತ್ಯ ಹಾಡಿತು. ಕಥೋಲಿಕ ಸಭೆಯ 1917ರ ಧರ್ಮಸಂಹಿತೆ ಬೇಕೆಂದೇ ಪ್ರಾಣ ಕಳೆದುಕೊಂಡವರಿಗೆ ಸಭೆಯ ಅಂತ್ಯಕ್ರಿಯೆಯನ್ನು ನಿರಾಕರಿಸಿತ್ತು. 1983ರ ಹೊಸ ಸಂಹಿತೆಯಲ್ಲಿ ಆ ನಿಷೇಧವಿಲ್ಲ. ತೀವ್ರ ಮಾನಸಿಕ ಯಾತನೆ, ಭಯಗಳು ಮನುಷ್ಯನ ಹೊಣೆಯನ್ನು ತಗ್ಗಿಸುತ್ತವೆ, ಅಂಥವರ ರಕ್ಷಣೆಯ ಬಗ್ಗೆ ಆಸೆ ಬಿಡಬಾರದು ಎಂದು 1992ರ ಗ್ರಂಥ ಹೇಳುತ್ತದೆ. ಆದರೂ ‘ಅವರಿಗೆ ನರಕವೇ’ ಎಂಬ ಮಾತು ಸಾವಿನ ಮನೆಗಳಲ್ಲಿ ಇಂದಿಗೂ ಕೇಳಿಬರುವುದುಂಟು. ಆಡುವವರು ಅದು ಧರ್ಮದ ತೀರ್ಪೆಂದೇ ನಂಬಿರುತ್ತಾರೆ.

ವಾಸ್ತವವಾಗಿ ಅಂಥ ತೀರ್ಪು ಕೊಡುವ ಅಧಿಕಾರ ಯಾರಿಗೂ ಇಲ್ಲವೆಂಬ ವಿಷಯದಲ್ಲಿ ಸಭೆಗಳ ನಡುವೆ ಅಷ್ಟಾಗಿ ಭಿನ್ನಾಭಿಪ್ರಾಯವಿಲ್ಲ. ನರಕವಿದೆ, ಮನುಷ್ಯ ದೇವರನ್ನು ಪೂರ್ತಿ ನಿರಾಕರಿಸುವುದು ಸಾಧ್ಯ ಎಂದು ಕಥೋಲಿಕ ಸಭೆ ಬೋಧಿಸುತ್ತದೆ. ಶತಮಾನಗಳುದ್ದಕ್ಕೂ ಅದು ಸಾವಿರಾರು ಮಂದಿಯನ್ನು ಹೆಸರು ಹಿಡಿದು ಸಂತರೆಂದು, ಅಂದರೆ ಸ್ವರ್ಗದಲ್ಲಿರುವವರೆಂದು, ಸಾರಿದೆ. ಆದರೆ ಇಂಥವನು ನರಕದಲ್ಲಿದ್ದಾನೆ ಎಂದು ಒಬ್ಬ ಮನುಷ್ಯನ ವಿಷಯದಲ್ಲೂ ಅದು ಅಧಿಕೃತವಾಗಿ ಘೋಷಿಸಿಲ್ಲ.